ಮೆದುಳಿನ ಗಡ್ಡೆಯೂ ಕಿರಣಚಿಕಿತ್ಸೆಯ ಕಾಲವೂ

ಶ್ವಾಸಕೋಶ, ಸ್ತನ ಮೊದಲಾದ ಅವಯವಗಳಲ್ಲಿ ಹುಟ್ಟಿದ ಕ್ಯಾನ್ಸರ್ ರೋಗವು ರಕ್ತದೊಡನೆ ಹರಿದು ಮೆದುಳನ್ನು ಸೇರಿ, ಅಲ್ಲಿ ಗಡ್ಡೆಯಾಗಿ ಬೆಳೆಯುವುದುಂಟು. ದೊಡ್ಡ ಗಡ್ಡೆಯು ಕತ್ತಿಗೆ ನಿಲುಕುವ ಸ್ಥಾನದಲ್ಲಿದ್ದರೆ ಶಸ್ತ್ರವೈದ್ಯರು ಅದನ್ನು ತೆಗೆದುಹಾಕುವರು. ತಲೆನೋವು ಇಳಿದು ಕೈಕಾಲಿಗೆ ಬಲ ಬಂದ ರೋಗಿಯನ್ನು ಕಂಡು, ಗಂಡಾಂತರವು ಕಳೆಯಿತೆಂದು ಮನೆಯವರು ಊರಿಗೆ ಹೊರಡುವುದು ಸಹಜವೇ ಸರಿ. ಆದರೆ ಎಚ್ಚರ ತಪ್ಪುವುದು ಇಲ್ಲಿಯೇ.

ಗಡ್ಡೆಯು ಹೋದರೂ ಕಣ್ಣಿಗೆ ಕಾಣದ ರೋಗಕಣಗಳು ಅದರ ಅಂಚಿನಲ್ಲಿ ಉಳಿದಿರಬಹುದು. ಅಮೆರಿಕೆಯ ಡಾಕ್ಟರ್ ಪ್ಯಾಚೆಲ್‌ರವರೂ ಅವರ ಸಂಗಡಿಗರೂ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂಟಿ ಗಡ್ಡೆಯನ್ನು ಪೂರ್ತಿಯಾಗಿ ತೆಗೆಸಿಕೊಂಡ 95 ರೋಗಿಗಳಿದ್ದರು. ಬಳಿಕ ಇಡೀ ಮೆದುಳಿಗೆ ಕಿರಣಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 18 ಮಂದಿಗೆ ಮೆದುಳಿನಲ್ಲಿ ರೋಗವು ಮರುಕಳಿಸಿತು. ಪಡೆಯದವರಲ್ಲಿ ನೂರಕ್ಕೆ 70 ಮಂದಿಗೆ. ಇದರಿಂದ ಆಯುಸ್ಸು ಹೆಚ್ಚಿತೆಂದು ಮಾತ್ರ ಕಂಡುಬರಲಿಲ್ಲ; ಇಡೀ ಮೆದುಳಿಗೆ ಕಿರಣ ಬಿಟ್ಟರೆ ಜ್ಞಾಪಕಶಕ್ತಿಗೆ ಕುಂದು ಬರುವ ಭಯವೂ ಇದ್ದಿತು. ಆದುದರಿಂದ ಗಡ್ಡೆಯಿದ್ದ ಸ್ಥಳಕ್ಕೆ ಮಾತ್ರ ಕಿರಣವನ್ನು ಗುರಿಯಿಡುವ ಪದ್ಧತಿಯು ಬಳಕೆಗೆ ಬಂದಿತು. 2017ರಲ್ಲಿ ಪ್ರಕಟವಾದ 194 ರೋಗಿಗಳ ಪರೀಕ್ಷೆಯಲ್ಲಿ ಎರಡು ಪದ್ಧತಿಗಳಿಗೂ ಆಯುಸ್ಸಿನಲ್ಲಿ ಭೇದವಿರಲಿಲ್ಲ. ಆರು ತಿಂಗಳಿಗೆ ಬುದ್ಧಿಶಕ್ತಿಯು ಕುಂದಿದವರು ಹಳೆಯದರಲ್ಲಿ ನೂರಕ್ಕೆ 85, ಹೊಸದರಲ್ಲಿ 52.

ಇನ್ನುಳಿದುದು ಕಾಲದ ಪ್ರಶ್ನೆ. ಗಾಯವು ಮಾಯುವ ಮುನ್ನವೇ ಕಿರಣ ಬಿಟ್ಟರೆ ಹೊಲಿಗೆಗೆ ಕೇಡು. ಬಹುಕಾಲ ಕಾದರೆ ರೋಗವೇ ಮತ್ತೆ ತಲೆಯೆತ್ತುವುದು. ಆದುದರಿಂದ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳೊಳಗೆ ಚಿಕಿತ್ಸೆಯನ್ನು ಆರಂಭಿಸಲು ವೈದ್ಯರು ಯತ್ನಿಸುವರು. ಶಸ್ತ್ರಕ್ರಿಯೆಗೆ ಒಂದೆರಡು ದಿನ ಮೊದಲೇ ಕಿರಣ ಕೊಡಬೇಕೆಂಬ ಪಕ್ಷವೂ ಇದೆ. ಆಗ ಗಡ್ಡೆಯ ಎಲ್ಲೆಯು ಸ್ಪಷ್ಟವಾಗಿರುವುದು. ಶಸ್ತ್ರದಿಂದ ಚೆದರುವ ಕಣಗಳು ಮೊದಲೇ ಶಕ್ತಿಗುಂದಿರುವುವು. ಎರಡನೆಯ ಚಿಕಿತ್ಸೆಯು ತಪ್ಪಿಹೋಗುವ ಭಯವೂ ಇರದು. ಆದರೆ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆಯೇ ಕಿರಣ ಕೊಡಬೇಕಾಗುವುದು; ಪ್ರಾಣಾಪಾಯದಲ್ಲಿರುವವನಿಗೆ ಕಾಯುವ ಅವಕಾಶವೂ ಇಲ್ಲ. ಈ ಪಕ್ಷವನ್ನು ತಜ್ಞರೆಲ್ಲರೂ ಇನ್ನೂ ಒಪ್ಪಿಲ್ಲ.

ಮೊದಲೋ ಬಳಿಕವೋ ಎಂಬುದನ್ನು ವೈದ್ಯರು ನಿಶ್ಚಯಿಸಲಿ. ಶಸ್ತ್ರಕ್ರಿಯೆಯಾದ ರೋಗಿಯ ಮನೆಯವರಾದರೋ, ಕಿರಣಚಿಕಿತ್ಸೆಯು ಬೇಕೇ ಎಂದು ಕೇಳಿ, ಬೇಕಾದರೆ ಅದರ ದಿನವನ್ನು ಬರೆಯಿಸಿಕೊಳ್ಳದೆ ಆಸ್ಪತ್ರೆಯ ಬಾಗಿಲು ದಾಟಬಾರದು. ಶಸ್ತ್ರವೈದ್ಯರೂ ಕಿರಣವೈದ್ಯರೂ ಒಂದೆಡೆ ಕುಳಿತು ಆ ದಿನವನ್ನು ಮುಂಚಿತವಾಗಿಯೇ ಗೊತ್ತುಮಾಡುವಂತೆ ಏರ್ಪಡಿಸುವುದು ಅಧಿಕಾರಿಗಳ ಹೊಣೆ. ಬಡವನು ಕಛೇರಿಯಿಂದ ಕಛೇರಿಗೆ ಅಲೆಯುವಷ್ಟು ದಿನ ರೋಗವು ಅವನಿಗಾಗಿ ಕಾಯುವುದಿಲ್ಲ.