ಜೋನಿ ಬೆಲ್ಲದ ಸೀಮೆಯಲ್ಲಿ

ಮಂಡ್ಯದ ಕಡೆ ಬೆಲ್ಲ ಅಚ್ಚಾಗಿರುತ್ತದೆ, ಮಹಾಲಿಂಗಪುರದ ಪೇಟೆಯಲ್ಲಿ ಪೆಂಟೆಯಾಗಿರುತ್ತದೆ. ಶಿರಸಿ, ಸಿದ್ದಾಪುರ, ಸಾಗರದ ಮನೆಗಳಲ್ಲಿ ಅದನ್ನು ಸೌಟಿನಲ್ಲಿ ಎತ್ತಿ ದೋಸೆಯ ಮೇಲೆ ಸುರಿಯುತ್ತಾರೆ, ಮೇಲೊಂದಿಷ್ಟು ತುಪ್ಪ. ಜೇನಿನ ಬಣ್ಣದ ಈ ಜೋನಿ ಬೆಲ್ಲ ಪೇಟೆಗೆಂದು ಹುಟ್ಟಿದ್ದಲ್ಲ. ತೋಟದ ಮನೆಯವರು ವರ್ಷವಿಡೀ ತಮಗೆ ಬೇಕಾಗುವ ಸಿಹಿಯನ್ನು ತಮ್ಮ ನೆಲದಲ್ಲೇ ಬೆಳೆದು, ತಾವೇ ಕಾಯಿಸಿಕೊಳ್ಳುವ ಪದ್ಧತಿ ಇದು. ಅದರ ಗುಣವೆಲ್ಲ ಇರುವುದೂ ಅಲ್ಲಿಯೇ ಎಂದು ನಾನು ನಂಬಿದ್ದೇನೆ. ಉಣ್ಣುವವರು ತಮ್ಮ ಮಕ್ಕಳೇ ಆದಾಗ ಕೊಪ್ಪರಿಗೆಗೆ ಏನು ಹಾಕಬೇಕು, ಏನು ಹಾಕಬಾರದು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿಯ ಹಿಡುವಳಿಗಳು ಚಿಕ್ಕವು. ಕಣಿವೆಯಲ್ಲಿ ಅಡಿಕೆ ತೋಟ, ಅದಕ್ಕೆ ಸೊಪ್ಪು ಒದಗಿಸುವ ಬೆಟ್ಟ, ತೆರೆದ ಜಾಗದಲ್ಲಿ ಗದ್ದೆ. ಆ ಗದ್ದೆಯ ಒಂದು ಮೂಲೆಯ ಕೆಲವೇ ಗುಂಟೆಗಳಲ್ಲಿ ಕಬ್ಬು. ಬಲಿಯಲು ಸುಮಾರು ಒಂದು ವರ್ಷ ಬೇಕು. ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯನ್ನೂ ಉಳಿಸಿಕೊಳ್ಳುತ್ತಾರೆ. ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಗದ್ದೆಯ ಬದಿಯಲ್ಲಿ ಚಪ್ಪರ ಏಳುತ್ತದೆ, ಅದೇ ಆಲೆಮನೆ. ಹಿಂದೆ ಕೋಣಗಳು ಗಾಣ ತಿರುಗಿಸುತ್ತಿದ್ದವು. ಈಗ ಹೆಚ್ಚಿನ ಕಡೆ ಎಂಜಿನ್ನಿನ ಸದ್ದು. ಒಬ್ಬರ ಆಲೆಗೆ ಇನ್ನೊಬ್ಬರು ಮುಯ್ಯಾಳಾಗಿ ಬರುತ್ತಾರೆ. ಯಾಕೆಂದರೆ ಈ ಕೆಲಸ ನಾಳೆಗೆ ಕಾಯುವುದಿಲ್ಲ: ಕಡಿದ ಕಬ್ಬನ್ನು ಬೇಗ ಅರೆಯಬೇಕು, ಅರೆದ ಹಾಲನ್ನು ಹುಳಿಯಾಗುವ ಮೊದಲೇ ಒಲೆಗೇರಿಸಬೇಕು.

ಕಬ್ಬಿನ ಹಾಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ನೀರೇ. ಅದನ್ನು ಓಡಿಸುವುದಷ್ಟೇ ಕೆಲಸ ಎಂದು ದೂರದಿಂದ ಕಾಣುತ್ತದೆ. ಕೊಪ್ಪರಿಗೆಯ ಮುಂದೆ ನಿಂತವರಿಗೆ ಗೊತ್ತು, ಕೈಗೆ ಬಿಡುವೇ ಇಲ್ಲ. ಹಾಲು ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿ ಬೀಳುತ್ತದೆ. ಅದು ಹಾಲಿನ ಹುಳಿಯನ್ನು ಮುರಿದು ಕೊಳೆಯನ್ನು ಮೇಲಕ್ಕೆ ತರುತ್ತದೆ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬಂದ ಕೊಳೆಯನ್ನು ಜಾಲರಿ ಸಟ್ಟುಗದಲ್ಲಿ ತೆಗೆಯುತ್ತಲೇ ಇರಬೇಕು. ಬಣ್ಣ ಬೆಳ್ಳಗಾಗಲೆಂದು ವ್ಯಾಪಾರಿ ಗಾಣಗಳಲ್ಲಿ ಹಾಕುವ ಹೈಡ್ರೋಸ್ ಎಂಬ ರಾಸಾಯನಿಕಕ್ಕೆ ಮನೆಯ ಆಲೆಯಲ್ಲಿ ಜಾಗವಿಲ್ಲ. ನೊರೆ ಉಕ್ಕಿ, ಇಳಿದು, ಗುಳ್ಳೆಗಳು ದಪ್ಪಗಾದ ಮೇಲೆ ನಿಜವಾದ ಪರೀಕ್ಷೆ. ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದರೆ ಜೋನಿ, 118ರ ಹತ್ತಿರ ಹೋದರೆ ಗಟ್ಟಿ ಬೆಲ್ಲ. ಆದರೆ ಬೆಲ್ಲ ಕಾಯಿಸುವವರು ಉಷ್ಣಮಾಪಕ ನೋಡುವುದಿಲ್ಲ. ಸಟ್ಟುಗದಿಂದ ಬೀಳುವ ಹನಿಯ ನಿಧಾನ, ಬೆರಳ ನಡುವಿನ ಎಳೆ, ಏರಿಬರುವ ಪರಿಮಳ, ಇವು ಸಾಕು. ಹದ ಬಂತೆಂದು ಅವರು ಹೇಳಿದ ಕೂಡಲೇ ಎಲ್ಲರೂ ಸೇರಿ ಕೊಪ್ಪರಿಗೆ ಇಳಿಸುತ್ತಾರೆ. ಈ ಅರಿವಿಗೆ ನಾವು ಇನ್ನೂ ಸರಿಯಾದ ಗೌರವ ಕೊಟ್ಟಿಲ್ಲ.

ಹಿಂಡಿದ ಸಿಪ್ಪೆ ಒಣಗಿ ಅದೇ ಒಲೆಗೆ ಉರುವಲು, ಕಬ್ಬಿನ ತುದಿ ದನಕ್ಕೆ, ಬೂದಿ ತೋಟಕ್ಕೆ.

ಆಲೆಮನೆಯ ಹಾಲಿನಿಂದ ಹುಟ್ಟುವ ತಿನಿಸುಗಳಲ್ಲಿ ತೊಡದೇವಿನ ಸಮಕ್ಕೆ ನಿಲ್ಲುವಂಥದ್ದು ನನಗೆ ಕಂಡಿಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಕಬ್ಬಿನ ಹಾಲಿನಲ್ಲಿ ಕಲಸುತ್ತಾರೆ. ಬೋರಲು ಹಾಕಿದ ಮಣ್ಣಿನ ಗಡಿಗೆಯ ಒಳಗೆ ಬೆಂಕಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನಿಗೆ ಒಮ್ಮೆ ಎಳೆದರೆ ಅದು ಕ್ಷಣದಲ್ಲೇ ಬೇಯುತ್ತದೆ. ತುಪ್ಪ ಸವರಿ, ಬಿಸಿ ಆರುವ ಮೊದಲೇ ಮಡಚಿ ಎಬ್ಬಿಸಬೇಕು, ತಡವಾದರೆ ಪುಡಿಯಾಗುತ್ತದೆ. ಆಂಧ್ರದ ಆತ್ರೇಯಪುರದ ಪೂತರೇಕುಲೂ ಬೋರಲು ಗಡಿಗೆಯ ಮೇಲೆಯೇ ಆಗುತ್ತದೆ. ಅದರಲ್ಲಿ ಅಕ್ಕಿಯ ತೆಳು ಹಾಳೆ ಸಪ್ಪೆ, ಸಿಹಿಯನ್ನು ಆಮೇಲೆ ಒಳಗೆ ತುಂಬುತ್ತಾರೆ. ತೊಡದೇವಿನಲ್ಲಿ ಸಿಹಿ ಹಿಟ್ಟಿನೊಳಗೇ ಬೆರೆತಿರುತ್ತದೆ. ಆತ್ರೇಯಪುರದ ತಿನಿಸಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ತೊಡದೇವು ಎಳೆಯುವ ಹೆಂಗಸರ ಕೈಗೂ ಅಂಥ ಮನ್ನಣೆ ಸಲ್ಲಬೇಕು.

ಕಬ್ಬಿನ ಗದ್ದೆಗಳು ಮಾತ್ರ ಕುಗ್ಗುತ್ತಿವೆ. ಅಡಿಕೆಗೆ ಬೆಲೆ ಬಂದಾಗ ಗದ್ದೆಯೂ ತೋಟವಾಗುತ್ತದೆ. ರೈತರನ್ನು ಅದಕ್ಕಾಗಿ ದೂರಲಾಗದು. ಉಳಿದ ಕಬ್ಬಿನ ಮೇಲೆ ಹಂದಿ, ಮಂಗಗಳ ಕಣ್ಣು. ಆಳುಗಳ ಕೊರತೆಯಿಂದ ಹಲವರು ಸ್ವಂತ ಆಲೆಯನ್ನೇ ಬಿಟ್ಟಿದ್ದಾರೆ. ನೂರು ಕಿಲೋ ಕಬ್ಬು ಅರೆದು ಕಾಯಿಸಿದರೆ ಕೈಗೆ ಬರುವ ಗಟ್ಟಿ ಬೆಲ್ಲ ಸುಮಾರು ಹತ್ತು ಕಿಲೋ. ಜೋನಿಯಾದರೆ ತುಸು ಹೆಚ್ಚು. ಇದಕ್ಕೆ ಒಂದು ವರ್ಷದ ಆರೈಕೆಯನ್ನೂ ರಾತ್ರಿಯ ಕಾವಲನ್ನೂ ಸೇರಿಸಿ ನೋಡಿದರೆ, ಬಾಟಲಿಯ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ.

ಕೊಳ್ಳುವವರು ಜನವರಿಯಿಂದ ಮಾರ್ಚ್‌ವರೆಗೆ ಈ ಕಡೆ ಬಂದರೆ ಆಲೆಮನೆಯಲ್ಲೇ ಹೊಸ ಬೆಲ್ಲ ಸಿಗುತ್ತದೆ. ತೀರಾ ಬೆಳ್ಳಗಿರುವುದನ್ನು ಹುಡುಕಬೇಡಿ. ಕೆಲವು ತಿಂಗಳ ಮೇಲೆ ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟಿದರೆ ಅದು ಕಲಬೆರಕೆಯಲ್ಲ, ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಒದ್ದೆ ಚಮಚ ಅದ್ದಬೇಡಿ, ನೀರು ತಾಗಿದ ಜೋನಿ ಹುಳಿಯುತ್ತದೆ.