ಪೆಟ್ಟು ತಪ್ಪಿಸುವ ವಿದ್ಯೆ

ಮುಷ್ಟಿಯುದ್ಧವೆಂದರೆ ನಮ್ಮಲ್ಲಿ ಬಹುಮಂದಿಗೆ ಬರಿಯ ಹೊಡೆದಾಟ. ಅದೊಂದು ವಿದ್ಯೆಯೆಂಬ ಎಣಿಕೆ ಅಷ್ಟಾಗಿ ಇಲ್ಲ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡವರ ನೆನಪಿನಲ್ಲಿಯೂ ಉಳಿಯುವುದು ಜಟ್ಟಿಯ ತಲೆಯಿಂದ ಒಸರಿದ ರಕ್ತವೇ. ಅದು ಕಂಡೊಡನೆ ಕಾಳಗವೂ ಮುಗಿದುಹೋಗುತ್ತದೆ. ವೃತ್ತಿಪರ ಬಾಕ್ಸಿಂಗಿನ ಪ್ರೇಕ್ಷಕರೂ ಹೀಗೆಯೇ ನಾಕೌಟಿಗಾಗಿ ಕಾದು ಕುಳಿತಿರುತ್ತಾರೆ. ಮರ್ಮವನ್ನು ಬಲ್ಲವರ ಕಣ್ಣಾದರೋ ತಗುಲದೆ ಹೋದ ಪೆಟ್ಟುಗಳ ಮೇಲಿರುತ್ತದೆ. ಕ್ರಿಕೆಟ್ ಪ್ರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಲ್ಮೆಟ್ ಇಲ್ಲದ ಕಾಲದಲ್ಲಿ ನಮ್ಮ ವಿಶ್ವನಾಥರೂ ಮುಂಬಯಿಯ ಗವಾಸ್ಕರರೂ ವೇಗದ ಬೌಲರುಗಳ ಬೌನ್ಸರಿನಿಂದ ತಲೆಯನ್ನು ಸರಿಸಿಕೊಂಡಾಗ ಓಟವೇನೂ ಬರಲಿಲ್ಲ. ಆದರೂ ಬಲ್ಲವರು ತಲೆದೂಗಿದರು.

ಈ ವಿದ್ಯೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಅರ್ಜೆಂಟೀನಾದ ನಿಕೊಲಿನೊ ಲೊಚೆ ಎಂಬಾತನನ್ನು ನೋಡಬೇಕು. ಅವನ ನಾಡಿನವರು ಅವನಿಗಿಟ್ಟ ಬಿರುದಿನ ಅರ್ಥ ‘ಮುಟ್ಟಲಾಗದವನು’. ನೂರಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದ ಆತ ನಾಕೌಟಿನಿಂದ ಗೆದ್ದದ್ದು ಕೇವಲ 14. ಅಂದರೆ ಕೈಯಲ್ಲಿ ಅಂಥ ಬಲವೇನೂ ಇರಲಿಲ್ಲ. 1968ರ ಡಿಸೆಂಬರ್ 12ರಂದು ಟೋಕಿಯೋದಲ್ಲಿ ಪಾಲ್ ಫುಜಿ ಎಂಬ ವಿಶ್ವಚಾಂಪಿಯನ್ನನ ಎದುರು ನಿಂತ ಲೊಚೆ, ಕೈಗಳನ್ನು ಕೆಳಗೆ ಬಿಟ್ಟು, ಹಗ್ಗಕ್ಕೆ ಒರಗಿ, ತಲೆಯನ್ನು ಅತ್ತಿತ್ತ ಬೆರಳಗಲ ಸರಿಸುತ್ತಲೇ ಅವನನ್ನು ದಣಿಸಿದ. ಬೀಸಿದ ಗುದ್ದೆಲ್ಲ ಗಾಳಿಯ ಪಾಲಾದವು; ನಡುನಡುವೆ ಲೊಚೆಯ ಹಗುರವಾದ ಎಡಗೈ ಬಂದು ಮುಖವನ್ನು ತಟ್ಟಿ ಹೋಗುತ್ತಿತ್ತು. ಒಂಬತ್ತು ಸುತ್ತುಗಳಾದ ಮೇಲೆ ಫುಜಿ ಹತ್ತನೆಯದಕ್ಕೆ ತನ್ನ ಪೀಠದಿಂದ ಏಳಲೇ ಇಲ್ಲ. (ಲೊಚೆಗೆ ಸಿಗರೇಟಿನ ಚಟ ವಿಪರೀತವಾಗಿತ್ತು. ಆರೋಗ್ಯದ ಪುಟಗಳಲ್ಲಿ ಆ ಭಾಗವನ್ನು ಮೆಚ್ಚಲಾಗದು!)

ಇದು ಹೇಗೆ ಸಾಧ್ಯ? ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ನುರಿತವನ ಗುದ್ದು ಅಷ್ಟರೊಳಗೆ ಬಂದು ತಲಪಿರುತ್ತದೆ. ಆದ್ದರಿಂದ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುತ್ತೇನೆನ್ನುವವನು ಕೆಟ್ಟ. ಕುಶಲನಾದವನು ಎದುರಾಳಿಯ ಭುಜವನ್ನು, ಎದೆಯನ್ನು, ಪಾದದ ಭಾರ ಯಾವ ಕಡೆಗೆ ಹೊರಳುತ್ತಿದೆ ಎಂಬುದನ್ನು ಓದುತ್ತಾನೆ. ಗರಡಿಯ ಉಸ್ತಾದರು ಪಟ್ಟು ಬೀಳುವ ಮುನ್ನವೇ ಎದುರಾಳಿಯ ಮೈಮಾಟದಿಂದ ಅದನ್ನು ಅರಿಯುತ್ತಿದ್ದರಲ್ಲವೇ, ಹಾಗೆ.

ರಕ್ಷಣೆಯ ವಿಧಾನಗಳಲ್ಲಿಯೂ ತರತಮಗಳಿವೆ. ಕೈಗವುಸನ್ನು ಅಡ್ಡ ಹಿಡಿದು ಪೆಟ್ಟನ್ನು ತಡೆಯುವುದು ಎಲ್ಲಕ್ಕಿಂತ ಸುಲಭ. ಆದರೆ ತಡೆದ ಕೈ ಆ ಕ್ಷಣಕ್ಕೆ ಹೊಡೆಯಲಾರದು, ಪೆಟ್ಟಿನ ಅದುರು ತಲೆಗೂ ಒಂದಿಷ್ಟು ಮುಟ್ಟುತ್ತದೆ. ಹಿಂದಕ್ಕೆ ಹೆಜ್ಜೆಯಿಟ್ಟರೆ ಪೆಟ್ಟು ತಪ್ಪೀತು, ಜೊತೆಗೆ ಎದುರಾಳಿಯೂ ಕೈಗೆ ಎಟುಕದೆ ಹೋಗುತ್ತಾನೆ. ನನ್ನ ಮಟ್ಟಿಗೆ ಅತ್ಯಂತ ಸೊಗಸಾದದ್ದು ಸ್ಲಿಪ್. ನೇರವಾಗಿ ಬರುವ ಜ್ಯಾಬಿಗೆ ತಲೆಯನ್ನು ನಾಲ್ಕಾರು ಅಂಗುಲ ಪಕ್ಕಕ್ಕೆ ಜಾರಿಸಿದರೆ ಮುಷ್ಟಿ ಭುಜದ ಮೇಲಿಂದ ಹಾದುಹೋಗುತ್ತದೆ. ಆಗ ಹೊಡೆದವನ ಕೈ ಚಾಚಿಕೊಂಡಿದೆ, ಪಕ್ಕೆ ತೆರೆದಿದೆ. ತಪ್ಪಿಸಿಕೊಂಡವನ ಎರಡು ಕೈಗಳೂ ಬಿಡುವಾಗಿವೆ. ರಕ್ಷಣೆಯೇ ಅಲ್ಲಿ ಆಕ್ರಮಣದ ಮೊದಲ ಹೆಜ್ಜೆಯಾಯಿತು. ಫ್ಲಾಯ್ಡ್ ಮೇವೆದರ್ ಪ್ರಸಿದ್ಧಿಗೆ ತಂದ ಭುಜ ಹೊರಳಿಸುವ ಕ್ರಮವೂ ಇದೇ ಜಾತಿಯದು: ಎಡಗೈ ಹೊಟ್ಟೆಗೆ ಅಡ್ಡ, ಬಲಗೈ ಗದ್ದದ ಬಳಿ, ಎಡಭುಜ ಗದ್ದಕ್ಕೆ ಗುರಾಣಿ. ಬಲಗೈ ಗುದ್ದು ಬಂದೊಡನೆ ಸೊಂಟದಿಂದ ತಿರುಗಿದರೆ ಅದು ಭುಜದ ಮೇಲೆ ಜಾರಿ ವ್ಯರ್ಥವಾಗುತ್ತದೆ. 2017ರ ವೇಳೆಗೆ ಮೇವೆದರ್ ಆಡಿದ್ದ 50 ವೃತ್ತಿಪರ ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಪ್ರೇಕ್ಷಕರಲ್ಲಿ ಅನೇಕರು ಮಾತ್ರ ಅವರ ಆಟ ಬೇಸರ ತರಿಸುತ್ತದೆಂದು ದೂರುತ್ತಲೇ ಇದ್ದರು.

ಅಂಕ ನೀಡುವವರಿಗೂ ಈ ಕಣ್ಣು ಎಷ್ಟೋ ವೇಳೆ ಇರುವುದಿಲ್ಲ. ಒಂದೊಂದು ಸುತ್ತಿಗೆ ಗೆದ್ದವನಿಗೆ ಹತ್ತು, ಸೋತವನಿಗೆ ಸಾಮಾನ್ಯವಾಗಿ ಒಂಬತ್ತು ಅಂಕ. ನಿಚ್ಚಳವಾದ ಹೊಡೆತ, ಫಲಕಾರಿಯಾದ ಮುನ್ನುಗ್ಗುವಿಕೆ, ರಿಂಗಿನ ಮೇಲಿನ ಹಿಡಿತ, ರಕ್ಷಣೆ ಇವು ನಾಲ್ಕು ಗಣನೆಗೆ ಬರಬೇಕಾದವು. ಆದರೆ 1993ರ ಸೆಪ್ಟೆಂಬರ್ 10ರಂದು ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ, ಅದುವರೆಗೂ ಸೋಲನ್ನೇ ಕಾಣದಿದ್ದ ಮೆಕ್ಸಿಕೋದ ಹೂಲಿಯೋ ಸೀಸರ್ ಚಾವೇಸನ ಹೊಡೆತಗಳನ್ನು ಪರ್ನೆಲ್ ವ್ಹಿಟೇಕರ್ ಹನ್ನೆರಡು ಸುತ್ತು ತಪ್ಪಿಸಿಕೊಂಡು ತಿರುಗಿ ಹೊಡೆದರೂ, ಮೂವರು ತೀರ್ಪುಗಾರರಲ್ಲಿ ಇಬ್ಬರು ಪಂದ್ಯವನ್ನು ಸಮವೆಂದರು. ಆ ತೀರ್ಪನ್ನು ಬಾಕ್ಸಿಂಗ್ ಬಲ್ಲವರು ಇಂದಿಗೂ ಒಪ್ಪುವುದಿಲ್ಲ.

ಇದೆಲ್ಲ ಕೇವಲ ರಸಿಕತೆಯ ವಿಚಾರವಾಗಿದ್ದರೆ ಆರೋಗ್ಯ ಲೇಖನಗಳ ನಡುವೆ ಇದಕ್ಕೆ ಸ್ಥಳ ಕೇಳುತ್ತಿರಲಿಲ್ಲ. ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ವಸ್ತು. ಗದ್ದದ ಮೇಲೆ ಬಿದ್ದ ಹುಕ್ ತಲೆಯನ್ನು ಗಕ್ಕನೆ ತಿರುಗಿಸಿದಾಗ ಮೆದುಳು ಅದೇ ವೇಗದಲ್ಲಿ ತಿರುಗಲಾರದೆ ಅದರ ನರತಂತುಗಳು ಎಳೆತಕ್ಕೆ ಸಿಕ್ಕುತ್ತವೆ. ಕೈಗವುಸು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಬೆರಳೆಲುಬುಗಳನ್ನು. ತಲೆಗವುಸು ಗಾಯವನ್ನು ಕಡಮೆಮಾಡೀತು, ಆ ತಿರುಗುವಿಕೆಯನ್ನು ತಡೆಯಲಾರದು. 1928ರಲ್ಲಿಯೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು, ಬಹುಕಾಲ ಪೆಟ್ಟು ತಿಂದ ಮುಷ್ಟಿಮಲ್ಲರಲ್ಲಿ ಕಾಣುವ ತಡವರಿಕೆ, ನಡುಕ, ಮಂಕುತನಗಳನ್ನು ಒಂದು ರೋಗವೆಂದು ವಿವರಿಸಿದರು. ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ಅಭ್ಯಾಸದ ಕಾದಾಟದಲ್ಲಿ. ಆದಕಾರಣ ತಪ್ಪಿಸಿಕೊಂಡ ಒಂದೊಂದು ಪೆಟ್ಟೂ ಆ ಮನುಷ್ಯನ ಮುಪ್ಪಿಗೆ ಉಳಿಸಿಟ್ಟ ಗಂಟು.

ಆ ಗಂಟು ಕರಗುವುದನ್ನು ಮಹಮ್ಮದ್ ಅಲಿಯವರ ಬಾಳಿನಲ್ಲಿ ಕಾಣಬಹುದು. ಯೌವನದಲ್ಲಿ ಅವರ ರಕ್ಷಣೆಯೆಲ್ಲ ಕಾಲುಗಳಲ್ಲಿತ್ತು. ಹಿಂದಕ್ಕೆ ವಾಲಿ, ಕುಣಿದು, ಪೆಟ್ಟಿನಿಂದ ದೂರ ಸರಿಯುತ್ತಿದ್ದರು. ವಿಯೆಟ್ನಾಂ ಯುದ್ಧಕ್ಕೆ ಸೇರಲೊಪ್ಪದ ಕಾರಣ 1967ರಿಂದ 1970ರವರೆಗೆ ರಿಂಗಿನಿಂದ ಹೊರಗುಳಿದು ಮರಳಿದಾಗ ಕಾಲುಗಳಲ್ಲಿ ಹಿಂದಿನ ವೇಗವಿರಲಿಲ್ಲ. 1974ರಲ್ಲಿ ಕಿನ್ಶಾಸದಲ್ಲಿ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್‌ಮನ್ನನ ಗುದ್ದುಗಳನ್ನು ತೋಳುಗಳ ಮೇಲೆ ತಾಳಿಕೊಂಡು, ಅವನು ದಣಿದ ಮೇಲೆ ಎಂಟನೆಯ ಸುತ್ತಿನಲ್ಲಿ ಕೆಡವಿದ್ದು ಲೋಕಪ್ರಸಿದ್ಧ. ಜನ ಅದನ್ನು ತಂತ್ರವೆಂದು ಕೊಂಡಾಡಿದರು, ತಂತ್ರವೂ ಹೌದು. ಆದರೆ ತಪ್ಪಿಸಿಕೊಳ್ಳುತ್ತಿದ್ದವರು ತಾಳಿಕೊಳ್ಳುವವರಾಗಿದ್ದರು. 1980ರ ಆರಂಭದಲ್ಲಿ ಅವರು ಭಾರತಕ್ಕೆ ಬಂದು ದೆಹಲಿಯಲ್ಲಿ ಕೌರ್ ಸಿಂಗರೊಡನೆಯೂ ಮದರಾಸಿನಲ್ಲಿ ಜಿಮ್ಮಿ ಎಲಿಸ್ಸರೊಡನೆಯೂ ಪ್ರದರ್ಶನ ಪಂದ್ಯಗಳನ್ನಾಡಿದರು. ಆ ಊರುಗಳ ನಮ್ಮ ಹಿರಿಯರಲ್ಲಿ ಕಣ್ಣಾರೆ ಕಂಡವರೂ ಇರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸನ ಎದುರು ಹತ್ತು ಸುತ್ತು ಪೆಟ್ಟು ತಿಂದು ಪಂದ್ಯವನ್ನು ಬಿಟ್ಟುಕೊಡಬೇಕಾಯಿತು. 1984ರಲ್ಲಿ ಪಾರ್ಕಿನ್ಸನ್ ರೋಗವೆಂದು ವೈದ್ಯರು ಹೇಳಿದರು. ಅದಕ್ಕೆ ಗುದ್ದುಗಳೇ ಕಾರಣವೋ ಎಂಬುದರಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ; ಗುದ್ದುಗಳಿಂದ ಒಳಿತಾಯಿತೆಂದು ಹೇಳಿದವರಂತೂ ಯಾರೂ ಇಲ್ಲ.

ಈಗ ಮಹಾನಗರದ ನಮ್ಮ ಬಡಾವಣೆಗಳಲ್ಲಿಯೂ ಮಕ್ಕಳು ಬಾಕ್ಸಿಂಗ್ ತರಗತಿಗಳಿಗೆ ಹೋಗತೊಡಗಿದ್ದಾರೆ. ಹೆಜ್ಜೆಯ ಅಭ್ಯಾಸ, ಹಗ್ಗದಾಟ, ಚೀಲ ಗುದ್ದುವಿಕೆ ಇವೆಲ್ಲ ಒಳ್ಳೆಯ ವ್ಯಾಯಾಮವೇ, ಅಂಜಬೇಕಾಗಿಲ್ಲ. ಪಾಲಕರು ಶಿಕ್ಷಕರನ್ನು ಕೇಳಬೇಕಾದದ್ದು ಇಷ್ಟು: ಮೊದಲ ತಿಂಗಳುಗಳಲ್ಲಿ ಕಲಿಸುವುದು ಹೊಡೆಯುವುದನ್ನೋ ತಪ್ಪಿಸಿಕೊಳ್ಳುವುದನ್ನೋ? ತಲೆಗೆ ಗುದ್ದುವ ಕಾದಾಟ ಇದೆಯೇ, ಇದ್ದರೆ ಎಷ್ಟು? ತಲೆಗೆ ಪೆಟ್ಟು ಬಿದ್ದ ಮಗುವಿಗೆ ತಲೆನೋವು, ವಾಂತಿ, ಗಲಿಬಿಲಿ, ತೂಕಡಿಕೆ, ದೃಷ್ಟಿ ಮಂಜಾಗುವಿಕೆ ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಆಟ ಅಲ್ಲಿಗೇ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತ ಹೋದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವೈದ್ಯರು ಅನುಮತಿಯಿತ್ತ ಹೊರತು ಮಗು ಮತ್ತೆ ಕೈಗವುಸು ತೊಡಬಾರದು.