ಆಲ್ಟರ್ನೇಟರ್ ಬದಲಾಯಿಸಿದರೂ ಬ್ಯಾಟರಿ ಚಾರ್ಜ್ ಆಗದಿದ್ದರೆ

ಸದಸ್ಯ ಬಾಂಧವರಲ್ಲಿ ಅನೇಕರು ಈಗ ಜೀಪು, ಪಿಕಪ್, ಇಲ್ಲವೇ ಒಂದು ಹಳೆಯ ಕಾರು ಇಟ್ಟುಕೊಂಡಿದ್ದಾರೆ. ಇವುಗಳಿಗೆ ಬರುವ ಕಾಯಿಲೆಗಳಲ್ಲಿ ಹಣವನ್ನು ವೃಥಾ ಖರ್ಚು ಮಾಡಿಸುವಂಥದು ಒಂದಿದೆ. ಬ್ಯಾಟರಿ ಇಳಿಯುತ್ತದೆ, 'ಡೈನಮೋ ಹೋಗಿದೆ' ಎನ್ನುತ್ತಾರೆ, ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತೇವೆ, ವಾರ ಕಳೆಯುವಷ್ಟರಲ್ಲಿ ಬ್ಯಾಟರಿ ಮತ್ತೆ ಇಳಿಯುತ್ತದೆ. ನಮ್ಮ ಸಂಘದ ಪಿಕಪ್ಪಿಗೇ ಹೀಗಾದದ್ದರಿಂದ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇವೆ.

ನಾಲ್ವರು ಸದಸ್ಯರ ಕೊಬ್ಬರಿ ತುಂಬಿಕೊಂಡು ಗಾಡಿ ನಸುಕಿನಲ್ಲೇ ಹುಳಿಯಾರು ಬಿಟ್ಟು ತಿಪಟೂರಿಗೆ ಹೊರಟಿತ್ತು. ಹಂದನಕೆರೆ ದಾಟಿದ ಮೇಲೆ ಮುಂದಿನ ದೀಪಗಳು ಮಂಕಾದವು. ದಾರಿ ಕಾಣದೆ ಚಾಲಕರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದರು. ಮತ್ತೆ ಸೆಲ್ಫ್ ಎತ್ತಲಿಲ್ಲ. ಲೋಡು ಗಾಡಿಯನ್ನು ಆ ಹೊತ್ತಿನಲ್ಲಿ ತಳ್ಳುವವರು ಯಾರು? ಅಂದಿನ ಹರಾಜು ತಪ್ಪಿತು. ಮುಂದಿನ ಹರಾಜಿಗೆ ಧಾರಣೆ ಇಳಿದಿತ್ತು. ಆ ನಾಲ್ವರ ಮುಖ ನೋಡುವುದು ನಮಗೆ ಕಷ್ಟವಾಯಿತು, ಏಕೆಂದರೆ ಹೊಸ ಆಲ್ಟರ್ನೇಟರ್ ಹಾಕಿಸಿ ಇನ್ನೂ ಒಂಬತ್ತು ದಿನವಾಗಿರಲಿಲ್ಲ. 'ಇದೂ ಡಿಫೆಕ್ಟ್ ಪೀಸು ಇರಬೇಕು ಸಾರ್, ಇನ್ನೊಂದು ಹಾಕೋಣ' ಎಂಬ ಸಲಹೆ ಬಂತು. ನಾವೂ ಒಪ್ಪುವುದರಲ್ಲಿದ್ದೆವು.

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವುದು ಆಲ್ಟರ್ನೇಟರಿನ ಕೆಲಸ. ಹಿಂದಿನ ಜೀಪು, ಅಂಬಾಸಡರ್‌ಗಳಲ್ಲಿ ಇದನ್ನು ಡೈನಮೋ ಮಾಡುತ್ತಿತ್ತು. ಆ ಹೆಸರು ನಮ್ಮ ಬಾಯಲ್ಲಿ ಹಾಗೇ ಉಳಿದಿದೆ. ಹುಟ್ಟಿದ ವಿದ್ಯುತ್ ದಪ್ಪನೆಯ ವೈರಿನ ಮೂಲಕ ಬ್ಯಾಟರಿಗೆ ಹೋಗಿ, ಗಾಡಿಯ ಮೈ ಹಾಗೂ ಅರ್ತಿಂಗ್ ಪಟ್ಟಿಯ ಮೂಲಕ ಹಿಂತಿರುಗಬೇಕು. ಬೋರ್‌ವೆಲ್ಲಿಗೆ ಹೊಸ ಮೋಟಾರು ಇಳಿಸಿದರೂ ಪೈಪು ಕಟ್ಟಿಕೊಂಡಿದ್ದರೆ ತೊಟ್ಟಿ ತುಂಬುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ. ಹೊಸದು ಹಾಕಿದ ಮೇಲೂ ದೋಷ ಉಳಿದಿದ್ದರೆ ಮೊದಲು ಸಂಶಯಪಡಬೇಕಾದುದು ದಾರಿಯನ್ನು.

ದಾರಿಯನ್ನು ನೋಡಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿ.ಸಿ. ಗುರುತಿಗೆ ತಿರುಗಿಸಿಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಸರಿಯಾಗಿ ತುಂಬಿದ್ದರೆ 12.6 ವೋಲ್ಟಿನಷ್ಟು ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ. ಎಂಜಿನ್ ಚಾಲೂ ಮಾಡಿ ಸ್ವಲ್ಪ ವೇಗ ಕೊಟ್ಟಾಗ ಅದೇ ಬ್ಯಾಟರಿಯ ಮೇಲೆ 13.8ರಿಂದ 14.5ರವರೆಗೆ ಬರಬೇಕು. ಈಚಿನ ಕೆಲವು ವಾಹನಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ ಈ ಅಂಕಿ ಏರಿಳಿಯುತ್ತದೆ. ಅಲ್ಲಿ ಒಂದೇ ಸಲದ ಅಳತೆಯಿಂದ ತೀರ್ಮಾನಕ್ಕೆ ಬರಬಾರದು.

ನಮ್ಮ ಗಾಡಿಯನ್ನು ಹಗಲು ಹೊತ್ತಿನಲ್ಲಿ ಅಳೆದಾಗ ಬ್ಯಾಟರಿಯ ಮೇಲೆ 13.7 ಇತ್ತು. ಎಲ್ಲರೂ ಸರಿಯಾಗಿದೆ ಎಂದರು. ತಪ್ಪಿದ್ದು ಇಲ್ಲಿಯೇ. ಗಾಡಿ ನಿಂತದ್ದು ರಾತ್ರಿ, ದೀಪ ಉರಿಯುತ್ತಿದ್ದಾಗ. ಆದ್ದರಿಂದ ಅಳೆಯಬೇಕಾದುದೂ ದೀಪ ಹಾಕಿಯೇ. ಹೆಡ್‌ಲೈಟ್ ಹಾಕಿದ ಕೂಡಲೇ ಬ್ಯಾಟರಿಯ ಮೇಲೆ 12.3ಕ್ಕೆ ಇಳಿಯಿತು. ಆಲ್ಟರ್ನೇಟರಿನ ಹಿಂಬದಿಯ ದಪ್ಪ ಬೋಲ್ಟಿನ ಮೇಲೆ ಮಾತ್ರ 14.2 ಇದ್ದೇ ಇತ್ತು! ನಡುವಿನ ವೈರಿನಲ್ಲಿ 1.9 ವೋಲ್ಟ್ ನಷ್ಟ. ಪಂಪ್‌ಸೆಟ್ಟಿಗೆ ದೂರದಿಂದ ತೆಳು ವೈರು ಎಳೆದವರಿಗೆ ಈ ನಷ್ಟ ಹೊಸದಲ್ಲ. ಮೀಟರಿನ ಒಂದು ಕಡ್ಡಿಯನ್ನು ಆ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಹಿಡಿದರೆ ನಷ್ಟ ನೇರವಾಗಿ ತಿಳಿಯುತ್ತದೆ, ಅದು 0.2 ಅಥವಾ 0.3ಕ್ಕಿಂತ ಹೆಚ್ಚಿರಕೂಡದು.

ವೈರನ್ನು ಕೈಯಲ್ಲಿ ಸವರುತ್ತ ಹೋದಾಗ ಒಂದು ಕಡೆ ಬಿಸಿ ತಗುಲಿತು. ಸುಮಾರು 15 ಆಂಪಿಯರ್ ಹರಿಯುವಾಗ 1.9 ವೋಲ್ಟ್ ಕಳೆದುಹೋದರೆ 28 ವಾಟಿನಷ್ಟು ಶಾಖ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ವೈರಿನ ತುದಿಯ ಲಗ್ಗಿನ ಹತ್ತಿರ ಕವಚ ಕಪ್ಪಾಗಿತ್ತು. ಬಿಡಿಸಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಅರ್ಧಕ್ಕರ್ಧ ತುಂಡಾಗಿದ್ದವು. ಹಳೆಯ ಆಲ್ಟರ್ನೇಟರಿಗೂ ಇದೇ ವೈರು ಇತ್ತು. ಅದು ನಿಜಕ್ಕೂ ಕೆಟ್ಟಿತ್ತೋ ಇಲ್ಲವೋ, ಈಗ ಹೇಳುವಂತಿಲ್ಲ, ಗುಜರಿಗೆ ಹೋಯಿತು. ಹೊಸ ವೈರು, ಹೊಸ ಲಗ್ಗು ಹಾಕಿಸಿದ ಮೇಲೆ ದೀಪ ಹಾಕಿದಾಗಲೂ ಬ್ಯಾಟರಿಯ ಮೇಲೆ 14.0 ನಿಂತಿತು.

ಇನ್ನೊಂದು ವಿಷಯವನ್ನು ನಾವು ಒಪ್ಪಿಕೊಳ್ಳಲೇಬೇಕು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಕತ್ತಲಲ್ಲಿ ಮಿಣುಮಿಣು ಎನ್ನುತ್ತದೆಂದು ಚಾಲಕರು ಎರಡು ಸಲ ಹೇಳಿದ್ದರು. ಹಗಲಲ್ಲಿ ನೋಡಿದ ನಮಗೆ ಕಾಣಲಿಲ್ಲ, ಬಿಟ್ಟೆವು. ಆ ದೀಪದ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಆಲ್ಟರ್ನೇಟರ್. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಅದು ಹಾಗೆ ಮಂದವಾಗಿ ಉರಿಯುತ್ತದೆ. ಉತ್ತರ ಮೊದಲ ದಿನವೇ ನಮ್ಮ ಕಣ್ಣೆದುರಿಗಿತ್ತು.

ಕೀ ತಿರುಗಿಸಿದಾಗ ಇದೇ ದೀಪ ಹತ್ತದಿದ್ದರೆ ಅದೂ ದೋಷವೇ. ಹಳೆಯ ಮಾದರಿಯ ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ವಿದ್ಯುತ್ ಆ ಬಲ್ಬಿನ ಮೂಲಕವೇ ಬರುತ್ತದೆ. ಅಲ್ಪ ಬೆಲೆಯ ಬಲ್ಬು ಹೋಗಿದ್ದರೆ ಎಷ್ಟು ಹೊಸದಾದರೂ ಸುಮ್ಮನೆ ತಿರುಗುತ್ತಿರುತ್ತದೆ.

ಅರ್ತಿಂಗನ್ನೂ ಇದೇ ರೀತಿ ಅಳೆಯಿರಿ. ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿಯ ಮೈನಸ್ ಕಂಬದ ನಡುವೆ 0.2ಕ್ಕಿಂತ ಹೆಚ್ಚು ಬಂದರೆ ಪಟ್ಟಿಯನ್ನು ಬಿಚ್ಚಿ, ತುಕ್ಕನ್ನೂ ಬಣ್ಣವನ್ನೂ ಎಮರಿ ಕಾಗದದಿಂದ ಉಜ್ಜಿ ಬಿಗಿಯಬೇಕು. ಮಳೆ ಹೆಚ್ಚಿರುವ ಕಾಫಿ ಸೀಮೆಯ ಸದಸ್ಯರಿಗೆ ಈ ತೊಂದರೆ ನಮಗಿಂತ ಬೇಗ ಬರುತ್ತದೆ. ಬೆಲ್ಟು ಸಡಿಲವಿದೆಯೇ, ಹೊಸದರ ಪುಲ್ಲಿ ಹಳೆಯದಕ್ಕಿಂತ ದೊಡ್ಡದಿದೆಯೇ ಎಂಬುದನ್ನೂ ನೋಡಿ. ಪುಲ್ಲಿ ದೊಡ್ಡದಾದರೆ ನಿಧಾನದ ಓಟದಲ್ಲಿ ಚಾರ್ಜ್ ಸಾಲದು.

ಕೊಬ್ಬರಿ ಸುಲಿಸುವವರೆಗೆ ವಾರಗಟ್ಟಲೆ ನಿಂತೇ ಇರುವ ಗಾಡಿಗಳ ಬ್ಯಾಟರಿ ತಾನಾಗಿಯೇ ಇಳಿದು, ಒಳಗಿನ ಫಲಕಗಳು ಗಟ್ಟಿಕಟ್ಟುತ್ತವೆ. ಅಂಥ ಬ್ಯಾಟರಿಯನ್ನು ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸದೆ ಹೊಸ ಆಲ್ಟರ್ನೇಟರಿಗೆ ಜೋಡಿಸಿದರೆ, ಅದು ಹೆಚ್ಚು ಹೊತ್ತು ಪೂರ್ಣ ಭಾರದಲ್ಲಿ ದುಡಿದು ಕಾಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು 'ಡೈನಮೋ ಪರೀಕ್ಷೆ' ಮಾಡುವ ಅಭ್ಯಾಸ ಹಳಬರಲ್ಲಿ ಇನ್ನೂ ಉಂಟು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದನ್ನು ಯಾರಿಗೂ ಮಾಡಗೊಡಬೇಡಿ. ವೋಲ್ಟೇಜ್ ಒಮ್ಮೆಲೇ ನೆಗೆದು ಒಳಗಿನ ಡಯೋಡುಗಳೂ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳೂ ಸುಟ್ಟುಹೋಗಬಹುದು. ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸುವಾಗ ಮಾತ್ರ, ಎಂಜಿನ್ ಆರಿಸಿ, ಬ್ಯಾಟರಿ ತಂತಿಗಳನ್ನು ಬಿಚ್ಚಿಡುವುದು ಕ್ಷೇಮ.

ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರ್ ಇಟ್ಟಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಅದೇ ದಿನ ಸಂಜೆಯೊಳಗೆ, ಆಫ್ ಮಾಡಿ, ಹಿಂತಿರುಗಿಸತಕ್ಕದ್ದು.